ಶುಗರ್ 186, ಆದರೂ ಕೀಟೋಆಸಿಡೋಸಿಸ್: ‘ಯೀಸ್ಟ್ ಶುದ್ಧಿ’ ಪಥ್ಯದ ಒಂದು ಪ್ರಕರಣ

ಹೆಣ್ಣು, ವಯಸ್ಸು 46. ಎರಡು ದಿನದಿಂದ ವಾಂತಿ, ಹೊಟ್ಟೆನೋವು, ಏದುಸಿರು. ನಾಡಿ 118, ಬಿಪಿ 100/64, ಉಸಿರಾಟ ನಿಮಿಷಕ್ಕೆ 30. ಜ್ವರವಿಲ್ಲ, ಎದೆ ಶುಭ್ರವಾಗಿದೆ, ರಕ್ತದ ಆಮ್ಲಜನಕ 98. ಬೆರಳು ಚುಚ್ಚಿ ನೋಡಿದ ಶುಗರ್ 186. ಕೋಲಾರದ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ಕರೆತಂದ ಮಗ ಕೈಚೀಲದಿಂದ ಒಂದೊಂದೇ ತೆಗೆದಿಟ್ಟ: ಮೂರು ಬಗೆಯ ಶುಗರ್ ಮಾತ್ರೆ, ಯೀಸ್ಟ್ ಸೋಂಕಿಗೆ ನುಂಗುವ ಫ್ಲುಕೊನಜೋಲ್‌ನ ಖಾಲಿ ಪಟ್ಟಿಗಳು, ಆನ್‌ಲೈನಲ್ಲಿ ತರಿಸಿದ ‘ಕರುಳಿನ ಯೀಸ್ಟ್ ಶುದ್ಧಿ’ ಕಿಟ್ಟಿನ ಡಬ್ಬಿ. ಕೊನೆಯದನ್ನು ಆತ ತೋರಿಸಿದ್ದು ಹಿಂಜರಿಯುತ್ತಲೇ. ರೋಗ ಕೀಟೋಆಸಿಡೋಸಿಸ್, ಅಂದರೆ ಕೊಬ್ಬು ಕರಗಿ ಹುಟ್ಟುವ ಕೀಟೋನ್ ಎಂಬ ಆಮ್ಲಗಳು ರಕ್ತದಲ್ಲಿ ತುಂಬಿಕೊಳ್ಳುವುದು. ಅದರ ಸುಳಿವು ಇದ್ದದ್ದು ಆ ಚೀಲದಲ್ಲಿ, ಗ್ಲೂಕೋಮೀಟರಿನಲ್ಲಲ್ಲ.

ಇದು ಯಾರೋ ಒಬ್ಬರ ಕಡತವಲ್ಲ. ಇಂಥ ರೋಗಿಗಳಲ್ಲಿ ಮತ್ತೆ ಮತ್ತೆ ಕಾಣುವ ವಿವರಗಳನ್ನು ಒಂದೇ ಪ್ರಕರಣವಾಗಿ ಜೋಡಿಸಿದ್ದೇವೆ. ಲ್ಯಾಬ್ ಅಂಕಿಗಳೂ ಇಂಥ ಸ್ಥಿತಿಯಲ್ಲಿ ಬರುವಂಥವೇ.

ಹಿನ್ನೆಲೆ

ಟೈಲರಿಂಗ್ ಕೆಲಸ, ದಿನವೆಲ್ಲ ಕೂತೇ ಇರುವುದು. ಆರು ವರ್ಷದಿಂದ ಶುಗರ್. ಮೆಟ್‌ಫಾರ್ಮಿನ್ 1000 ಮಿಗ್ರಾಂ ದಿನಕ್ಕೆರಡು ಸಲ, ಗ್ಲಿಮೆಪಿರೈಡ್ 2 ಮಿಗ್ರಾಂ ಬೆಳಿಗ್ಗೆ. ಐದು ತಿಂಗಳ ಹಿಂದೆ, ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ 8.6 ಬಂದದ್ದರಿಂದ ಡಪಾಗ್ಲಿಫ್ಲೋಜಿನ್ 10 ಮಿಗ್ರಾಂ ಸೇರಿಸಿದ್ದರು. ಅದರಲ್ಲಿ ತಪ್ಪೇನಿಲ್ಲ. ಹೃದಯಕ್ಕೂ ಕಿಡ್ನಿಗೂ ಒಳ್ಳೆಯದೆಂದು ಗಟ್ಟಿಯಾಗಿ ಸಾಬೀತಾದ ಔಷಧಿ ಅದು. 2020ರ ಅಕ್ಟೋಬರ್‌ನಲ್ಲಿ ಭಾರತದಲ್ಲಿ ಮೂಲ ಪೇಟೆಂಟ್ ಮುಗಿದ ಮೇಲೆ ಬೆಲೆ ಇಳಿದು ಸಣ್ಣ ಊರುಗಳ ಮೆಡಿಕಲ್ ಶಾಪಿನಲ್ಲೂ ಸಿಗುತ್ತದೆ.

ಈ ಮಾತ್ರೆ ಕೆಲಸ ಮಾಡುವ ಬಗೆ ಮುಂದಿನದಕ್ಕೆಲ್ಲ ಮೂಲ. ಕಿಡ್ನಿ ಸೋಸಿದ ಸಕ್ಕರೆಯನ್ನು ಮತ್ತೆ ರಕ್ತಕ್ಕೆ ಎಳೆದುಕೊಳ್ಳುವ ಬಾಗಿಲನ್ನು ಇದು ಮುಚ್ಚುತ್ತದೆ. ಶುಗರ್ ಇರುವವರಲ್ಲಿ ದಿನಕ್ಕೆ 70 ಗ್ರಾಂ ವರೆಗೆ ಗ್ಲೂಕೋಸ್ ಮೂತ್ರದಲ್ಲೇ ಹೋಗುತ್ತದೆ. ಸಿಹಿ ಮೂತ್ರ ತಾಗುವ ಜಾಗದಲ್ಲಿ ಯೀಸ್ಟ್ ಬೆಳೆಯುವುದು ಗೊತ್ತಿರುವ ಅಡ್ಡಪರಿಣಾಮ: ಔಷಧಿಯ ಪರೀಕ್ಷೆಗಳಲ್ಲಿ ಇದನ್ನು ನುಂಗಿದ ಹೆಂಗಸರಲ್ಲಿ ನೂರಕ್ಕೆ ಸುಮಾರು ಏಳು ಮಂದಿಗೆ ಜನನಾಂಗದ ಯೀಸ್ಟ್ ಸೋಂಕು ಬಂತು, ಔಷಧಿಯಿಲ್ಲದ ಸುಳ್ಳು ಮಾತ್ರೆ ನುಂಗಿದವರಲ್ಲಿ ಇಬ್ಬರಿಗಿಂತ ಕಡಿಮೆ. ಮಾತ್ರೆ ಬರೆಯುವಾಗಲೇ ‘ಅಲ್ಲಿ ತುರಿಕೆ ಬಂದರೆ ಬಂದು ಹೇಳಮ್ಮ, ಮೂತ್ರಕ್ಕೆ ಹೋದಾಗಲೆಲ್ಲ ನೀರಲ್ಲಿ ತೊಳೆದು ಒರೆಸಿಕೋ’ ಎಂದು ಎರಡು ಮಾತು ಹೇಳಿದ್ದರೆ ಈ ಪ್ರಕರಣವೇ ಇರುತ್ತಿರಲಿಲ್ಲವೇನೋ. ಹೊರರೋಗಿ ವಿಭಾಗದ ಗದ್ದಲದಲ್ಲಿ ಆ ಎರಡು ಮಾತು ಬಹಳ ಸಲ ತಪ್ಪಿಹೋಗುತ್ತದೆ.

ಮೂರನೇ ವಾರಕ್ಕೆ ತುರಿಕೆ, ಮೊಸರು ಒಡೆದಂಥ ಬಿಳಿ ಸೆರಗು. ಮೆಡಿಕಲ್ ಶಾಪಿನವರು ಕೊಟ್ಟ ಒಂದು ಫ್ಲುಕೊನಜೋಲ್ 150ಕ್ಕೆ ಇಳಿಯಿತು. ಕಾರಣವಾದ ಮಾತ್ರೆ ದಿನವೂ ಒಳಗೆ ಹೋಗುತ್ತಲೇ ಇದ್ದದ್ದರಿಂದ ಮತ್ತೆ ಬಂತು, ಮತ್ತೆ ಒಂದು ನುಂಗಿದರು, ಮತ್ತೂ ಬಂತು. ಇದರ ಜೊತೆಗೆ ಹಳೆಯ ದೂರುಗಳೂ ಇದ್ದವು: ಊಟವಾದ ಮೇಲೆ ಹೊಟ್ಟೆ ಉಬ್ಬರ, ಗ್ಯಾಸ್, ಸುಸ್ತು, ತಲೆ ಮಂಕು ಕವಿದಂತಾಗುವುದು, ಪಾದದಲ್ಲಿ ಜುಮುಗುಡಿತ. ಸೊಸೆ ಫೋನಿನಲ್ಲಿ ಹುಡುಕಿದಾಗ ಎಲ್ಲಕ್ಕೂ ಒಂದೇ ಉತ್ತರ ಸಿಕ್ಕಿತು: ಕರುಳಿನಲ್ಲಿ ಕ್ಯಾಂಡಿಡಾ ಎಂಬ ಯೀಸ್ಟ್ ತುಂಬಿಕೊಂಡಿದೆ, ಅದೇ ಮೈಯೆಲ್ಲ ಹರಡುತ್ತಿದೆ.

ಉಗುಳಿನ ಪರೀಕ್ಷೆ

ಬೆಳಿಗ್ಗೆ ಬಾಯಿ ಮುಕ್ಕಳಿಸದೆ ಗಾಜಿನ ಲೋಟದ ನೀರಿಗೆ ಉಗುಳಿ ಕಾಲು ಗಂಟೆ ಬಿಟ್ಟು ನೋಡಬೇಕು. ದಾರದಂತೆ ಕೆಳಗಿಳಿದರೆ ಯೀಸ್ಟ್ ಇದೆ ಎಂದು ಕಿಟ್ಟಿನ ಸೂಚನೆ. ಇಳಿದೇ ಇಳಿಯುತ್ತದೆ. ಉಗುಳಿನಲ್ಲಿ ಮ್ಯೂಸಿನ್ ಎಂಬ ಲೋಳೆ ಪ್ರೋಟೀನ್ ಇದೆ, ರಾತ್ರಿಯೆಲ್ಲ ಬಾಯಿ ಒಣಗಿ ಅದು ಗಟ್ಟಿಯಾಗಿರುತ್ತದೆ. ಗಾಳಿಗುಳ್ಳೆ ಇರುವ ಭಾಗ ಮೇಲೆ ತೇಲುತ್ತದೆ, ಭಾರದ ಲೋಳೆ ಎಳೆಯಾಗಿ ಇಳಿಬೀಳುತ್ತದೆ. ಮನೆಯ ನಾಲ್ವರೂ ಮಾಡಿ ನೋಡಿದರು, ನಾಲ್ವರದೂ ಇಳಿಯಿತು. ಪರೀಕ್ಷೆಯೇ ಸರಿಯಿಲ್ಲ ಎಂದು ಯಾರಿಗೂ ಹೊಳೆಯಲಿಲ್ಲ. ಮನೆಮಂದಿಗೆಲ್ಲ ಯೀಸ್ಟ್ ಇದೆ ಎಂದಾಯಿತು.

ಮಲದಲ್ಲಿ ಕ್ಯಾಂಡಿಡಾ ಸಿಕ್ಕಿತು ಎಂಬ ವರದಿಯೂ ಹೆಚ್ಚು ಹೇಳುವುದಿಲ್ಲ. ಆರೋಗ್ಯವಾಗಿರುವ ಬಹಳಷ್ಟು ಜನರ ಬಾಯಲ್ಲಿ, ಕರುಳಿನಲ್ಲಿ ಅದು ಸುಮ್ಮನೆ ವಾಸವಾಗಿರುತ್ತದೆ. ಅದರ ವಿರುದ್ಧದ ಐಜಿಜಿ ಪ್ರತಿಕಾಯಗಳೂ ಹೀಗೆಯೇ, ಪರಿಚಯವಿದೆ ಎನ್ನುತ್ತವೆ, ಕಾಯಿಲೆ ಇದೆ ಎನ್ನುವುದಿಲ್ಲ.

ಮೈಯ ನೂರೆಂಟು ತೊಂದರೆಗೂ ಕರುಳಿನ ಯೀಸ್ಟೇ ಮೂಲ ಎಂಬ ವಾದ ಹುಟ್ಟಿದ್ದು ಅಮೆರಿಕದಲ್ಲಿ, 1970ರ ದಶಕದ ಕೊನೆಗೆ. 1986ರಲ್ಲೇ ಅಲ್ಲಿನ ಅಲರ್ಜಿ ತಜ್ಞರ ಅಕಾಡೆಮಿ ಇದಕ್ಕೆ ಪುರಾವೆಯಿಲ್ಲ ಎಂದು ಹೇಳಿಕೆ ಕೊಟ್ಟಿತು. 1990ರಲ್ಲಿ 42 ಹೆಂಗಸರ ಮೇಲೆ ನಡೆದ ಪ್ರಯೋಗದಲ್ಲಿ ನಿಸ್ಟಾಟಿನ್ ಎಂಬ ಯೀಸ್ಟ್ ಔಷಧಿ ಯೋನಿಯ ತೊಂದರೆಯನ್ನು ಇಳಿಸಿತು; ಸುಸ್ತು, ಬೇಸರದಂಥ ಮೈಯೆಲ್ಲದ ದೂರುಗಳಲ್ಲಿ ಮಾತ್ರ ಸುಳ್ಳು ಮಾತ್ರೆಗಿಂತ ಮೇಲಾಗಲಿಲ್ಲ. ಯೀಸ್ಟಿನ ನಿಜವಾದ ಕಾಯಿಲೆಗಳು ಬೇರೆ, ಅವಕ್ಕೆ ತಮ್ಮದೇ ಗುರುತುಗಳಿವೆ: ಕೆರೆದರೆ ಏಳುವ ಬಾಯಿಯ ಬಿಳಿ ಪದರ, ನುಂಗುವಾಗ ಎದೆಯ ಹಿಂದೆ ನೋವು, ಅದೂ ಎಚ್‌ಐವಿ, ಕೀಮೋ, ಹತೋಟಿ ತಪ್ಪಿದ ಶುಗರ್ ಇರುವವರಲ್ಲಿ, ಆಸ್ತಮಾದ ಸ್ಟೀರಾಯ್ಡ್ ಪಂಪ್ ಎಳೆದು ಬಾಯಿ ಮುಕ್ಕಳಿಸದವರಲ್ಲಿ. ಸಣ್ಣ ಕರುಳಿನಲ್ಲಿ ಶಿಲೀಂಧ್ರ ಹೆಚ್ಚಾಗುವ ಸ್ಥಿತಿಯನ್ನೂ ವಿವರಿಸಿದ್ದಾರೆ. ಅದನ್ನು ತೀರ್ಮಾನಿಸಲು ಎಂಡೋಸ್ಕೋಪಿಯಲ್ಲಿ ಕರುಳಿನ ರಸ ತೆಗೆದು ಕಲ್ಚರ್ ಮಾಡಬೇಕು. ಗಾಜಿನ ಲೋಟದಿಂದ ಆಗುವ ಕೆಲಸವಲ್ಲ.

ಪಥ್ಯ

ಕಿಟ್ಟಿನ ಚೀಟಿಯಲ್ಲಿದ್ದದ್ದು ಹೀಗೆ. ಮೊದಲೆರಡು ದಿನ ಸೋರೆಕಾಯಿ ರಸ, ಬಿಸಿನೀರು, ಅಷ್ಟೇ. ಆಮೇಲೆ ಸಕ್ಕರೆ, ಬೆಲ್ಲ, ಅನ್ನ, ರಾಗಿ, ಗೋಧಿ, ಬೇಳೆಕಾಳು, ಎಲ್ಲ ಹಣ್ಣು, ಹಾಲು, ಮೊಸರು ಬಂದ್. ಹುದುಗಿದ್ದು ಎಂಬ ಕಾರಣಕ್ಕೆ ಇಡ್ಲಿ ದೋಸೆಯೂ ಬಂದ್. ಉಳಿದದ್ದು ಸೊಪ್ಪು, ಸೌತೆಕಾಯಿ, ಸೋರೆಕಾಯಿ, ಮೊಟ್ಟೆ, ತೆಂಗಿನೆಣ್ಣೆ, ತುಪ್ಪ. ಜೊತೆಗೆ ಕ್ಯಾಪ್ರಿಲಿಕ್ ಆಮ್ಲ, ಓರೆಗಾನೊ ಎಣ್ಣೆ, ಬರ್ಬೆರಿನ್ ಇರುವ ಕ್ಯಾಪ್ಸೂಲ್. ರಾತ್ರಿ ಈಸಬ್‌ಗೋಲಿನ ಜೊತೆ ಕಲಸಿ ಕುಡಿಯಲು ಬೆಂಟೊನೈಟ್ ಜೇಡಿಪುಡಿ. ಬರ್ಬೆರಿನ್ ಶುಗರ್ ಇಳಿಸುವ ಗುಣದ್ದು. ಜೇಡಿಪುಡಿ ಬೇರೆ ಮಾತ್ರೆಗಳನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳಬಲ್ಲದು. ಡಬ್ಬಿಯ ಮೇಲೆ ಎರಡರ ಬಗ್ಗೆಯೂ ಸೊಲ್ಲಿಲ್ಲ.

ಇಡ್ಲಿಯ ವಿಚಾರ ಬಂದದ್ದಕ್ಕೆ: ಆ ಹಿಟ್ಟು ಉಬ್ಬುವುದರಲ್ಲಿ ಬ್ಯಾಕ್ಟೀರಿಯಾದ ಪಾಲೇ ದೊಡ್ಡದು, ಇರುವ ಯೀಸ್ಟೂ ಹಬೆಯಲ್ಲಿ ಬೆಂದು ಸಾಯುತ್ತದೆ. ಸೋರೆಕಾಯಿ ರಸದ ಬಗ್ಗೆಯೂ ಒಂದು ಮಾತು. ಒಂದು ಚೂರು ನಾಲಿಗೆಗಿಟ್ಟು ನೋಡಿ, ಕಹಿಯಿದ್ದರೆ ಇಡೀ ಕಾಯಿ ತಿಪ್ಪೆಗೆ. ಕಹಿ ರಸ ಕುಡಿದು ರಕ್ತ ವಾಂತಿಯಾಗಿ ಸತ್ತವರೂ ನಮ್ಮ ದೇಶದಲ್ಲಿದ್ದಾರೆ.

ಈಗ ಲೆಕ್ಕ. ಮೊದಲು ಈಕೆಯ ದಿನದ ಊಟದಲ್ಲಿ ಎರಡು ಮುದ್ದೆ, ಒಂದಿಷ್ಟು ಅನ್ನ, ಬೆಳಿಗ್ಗೆ ಇಡ್ಲಿ ಇಲ್ಲವೇ ಚಿತ್ರಾನ್ನ. 100 ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 67 ಗ್ರಾಂ ಶರ್ಕರಪಿಷ್ಟ. ಎಲ್ಲ ಸೇರಿ ದಿನಕ್ಕೆ 240 ಗ್ರಾಂ ಆಸುಪಾಸು. ಪಥ್ಯದಲ್ಲಿ ಅದು 30 ಗ್ರಾಂಗೆ ಇಳಿಯಿತು. ಮೂತ್ರದಲ್ಲಿ ಹೋಗುವುದು 70ರ ತನಕ. ಬಾಯಿಂದ ಬಂದದ್ದಕ್ಕಿಂತ ಕಿಡ್ನಿಯಿಂದ ಹೋದದ್ದು ಹೆಚ್ಚು. ಕೊರತೆ ತುಂಬಲು ಯಕೃತ್ತು ಗ್ಲೂಕೋಸ್ ತಯಾರಿಸುತ್ತದೆ, ಇನ್ಸುಲಿನ್ ಇಳಿಯುತ್ತದೆ, ಅದಕ್ಕೆ ಎದುರಾಗಿ ಕೆಲಸ ಮಾಡುವ ಗ್ಲುಕಗಾನ್ ಹಾರ್ಮೋನ್ ಏರುತ್ತದೆ, ಕೊಬ್ಬು ಕರಗಿ ಕೀಟೋನ್ ಆಗುತ್ತದೆ. ರಕ್ತದ ಸಕ್ಕರೆ ಮಾತ್ರ ಏರುವುದಿಲ್ಲ, ಏರಿದಷ್ಟೂ ಸೋರಿಹೋಗುತ್ತಿರುತ್ತದಲ್ಲ.

ಮೊದಲ ವಾರ ನಿಜಕ್ಕೂ ಹಿತವೆನಿಸಿತು. ಉಬ್ಬರ ಅರ್ಧಕ್ಕರ್ಧ ಇಳಿಯಿತು. ಅದಕ್ಕೆ ಕಾರಣ ಯೀಸ್ಟ್ ಸತ್ತದ್ದಲ್ಲ. ಪುಷ್ಯ ಮಾಸದ ಹೊತ್ತು, ಕೋಲಾರದ ಕಡೆ ಮನೆಮನೆಯಲ್ಲೂ ಅವರೆಕಾಳಿನದೇ ಸಾರು, ಉಪ್ಪಿಟ್ಟು, ಹಿತಕಿದ ಬೇಳೆ, ಅದು ನಿಂತಿತ್ತು. ದಿನಕ್ಕೆ ಮೂರು ಲೋಟ ಹಾಲು ಕಾಫಿ ನಿಂತಿತ್ತು. ಅವರೆಯ ರಾಫಿನೋಸ್, ಸ್ಟಾಕಿಯೋಸ್ ಸಕ್ಕರೆಗಳು, ಹಾಲಿನ ಲ್ಯಾಕ್ಟೋಸ್ ದೊಡ್ಡ ಕರುಳಿಗಿಳಿದು ಅಲ್ಲಿನ ಬ್ಯಾಕ್ಟೀರಿಯಾ ಗ್ಯಾಸ್ ಮಾಡುತ್ತವೆ. ಎರಡನ್ನು ಬಿಟ್ಟರೆ ಸಾಕಿತ್ತು, ಇಪ್ಪತ್ತನ್ನು ಬಿಟ್ಟರು. ಗುಣ ಕಂಡದ್ದಕ್ಕೆ ನಂಬಿಕೆ ಬೇರೂರಿತು. ಇಂಥ ಪಥ್ಯಗಳನ್ನು ಸಾರಾಸಗಟು ಮೋಸ ಎಂದು ಬೈದರೆ ರೋಗಿ ಕೇಳುವುದಿಲ್ಲ, ಏಕೆಂದರೆ ಹೊಟ್ಟೆ ಹಗುರಾದದ್ದು ಆಕೆಗೆ ಗೊತ್ತು.

ಎರಡು ಅಪಾಯ, ಒಂದರ ಬೆನ್ನಿಗೆ ಒಂದು

ಕಿಟ್ಟಿನ ಜೊತೆ ಫ್ಲುಕೊನಜೋಲ್ 150 ದಿನ ಬಿಟ್ಟು ದಿನ ನುಂಗಬೇಕೆಂದು ಯಾರೋ ಹೇಳಿದ್ದರು. ಗ್ಲಿಮೆಪಿರೈಡನ್ನು ಯಕೃತ್ತಿನಲ್ಲಿ ಕರಗಿಸುವ ಸಿವೈಪಿ2ಸಿ9 ಎಂಬ ಕಿಣ್ವವನ್ನು ಫ್ಲುಕೊನಜೋಲ್ ತಡೆಯುತ್ತದೆ. 2 ಮಿಗ್ರಾಂ ನುಂಗಿದರೂ ಮೈಯಲ್ಲಿ ಅದಕ್ಕಿಂತ ಹೆಚ್ಚು ನುಂಗಿದಂತೆ. ಊಟವೂ ಇಲ್ಲ. ನಾಲ್ಕನೇ ರಾತ್ರಿ ಎರಡು ಗಂಟೆಗೆ ಬೆವರು, ಕೈ ನಡುಕ, ಮಾತು ತೊದಲು, ಮೀಟರಿನಲ್ಲಿ 52. ಸಕ್ಕರೆ ಬಾಯಿಗೆ ಹಾಕಿದರೆ ಯೀಸ್ಟಿಗೆ ಉಣಬಡಿಸಿದ ಹಾಗೆ ಎಂದು ಈಕೆ ಬೇಯಿಸಿದ ಮೊಟ್ಟೆ ತಿಂದರು. ಮೊಟ್ಟೆಯಿಂದ ಶುಗರ್ ಏರುವುದಿಲ್ಲ. ಕೊನೆಗೆ ಮಗ ಗದರಿ ಮೂರು ಚಮಚ ಸಕ್ಕರೆಯ ನೀರು ಕುಡಿಸಿದ, ಹತ್ತು ಹದಿನೈದು ನಿಮಿಷಕ್ಕೆ ಸರಿಹೋಯಿತು. 70ಕ್ಕಿಂತ ಕಡಿಮೆ ಬಂದರೆ 15 ಗ್ರಾಂ ಸಕ್ಕರೆ, ಹದಿನೈದು ನಿಮಿಷ ಬಿಟ್ಟು ಮತ್ತೆ ಮೀಟರ್: ಇದಕ್ಕೆ ಯಾವ ಪಥ್ಯವೂ ಅಡ್ಡ ಬರಬಾರದು.

ಮರುದಿನ ಗ್ಲಿಮೆಪಿರೈಡನ್ನು ತಾವೇ ನಿಲ್ಲಿಸಿದರು. ಡಪಾಗ್ಲಿಫ್ಲೋಜಿನ್ ಉಳಿಸಿಕೊಂಡರು, ‘ಅದು ಸಕ್ಕರೆಯನ್ನು ಹೊರಗೆ ಹಾಕುತ್ತೆ, ಅದೂ ಶುದ್ಧಿಯೇ’ ಎಂಬ ತರ್ಕದಿಂದ. ಈ ಪಥ್ಯದಲ್ಲಿ ಎಲ್ಲಕ್ಕಿಂತ ಮೊದಲು ನಿಲ್ಲಬೇಕಾದ ಮಾತ್ರೆ ಅದೇ ಆಗಿತ್ತು.

ಹನ್ನೆರಡನೇ ದಿನ ವಾಕರಿಕೆ, ತಲೆನೋವು, ಕೈಕಾಲು ಸೋಲು. ಕಿಟ್ ಕಳಿಸಿದವರಿಗೆ ಫೋನ್ ಮಾಡಿದರೆ ‘ಮೇಡಂ, ಇದು ಡೈ-ಆಫ್, ಯೀಸ್ಟ್ ಸಾಯುವಾಗ ವಿಷ ಬಿಡುತ್ತೆ, ಔಷಧಿ ಹಿಡಿದಿದೆ ಅಂತ ಅರ್ಥ, ಮಧ್ಯಕ್ಕೆ ನಿಲ್ಲಿಸಬೇಡಿ’ ಎಂಬ ಉತ್ತರ.

ಈ ವಿವರಣೆಗೆ ಎರವಲು ತಂದಿರುವ ವೈದ್ಯಕೀಯ ವಿದ್ಯಮಾನ ಒಂದುಂಟು, ಯಾರಿಶ್–ಹೆರ್ಕ್ಸ್‌ಹೈಮರ್ ಪ್ರತಿಕ್ರಿಯೆ. 1895ರಲ್ಲಿ ಯಾರಿಶ್, 1902ರಲ್ಲಿ ಹೆರ್ಕ್ಸ್‌ಹೈಮರ್ ಸಿಫಿಲಿಸ್ ಚಿಕಿತ್ಸೆಯಲ್ಲಿ ಕಂಡದ್ದು. ಸಿಫಿಲಿಸ್, ಇಲಿಜ್ವರದಂಥ ಸುರುಳಿ ಬ್ಯಾಕ್ಟೀರಿಯಾ ಕಾಯಿಲೆಗೆ ಆಂಟಿಬಯಾಟಿಕ್ ಕೊಟ್ಟ ಕೆಲವೇ ಗಂಟೆಯಲ್ಲಿ ಚಳಿ, ಜ್ವರ ಬಂದು ಒಂದು ದಿನದೊಳಗೆ ಇಳಿದುಹೋಗುತ್ತದೆ. ಸೊಪ್ಪು, ಸೌತೆಕಾಯಿ ತಿಂದ ಹನ್ನೆರಡನೇ ದಿನಕ್ಕೆ ಶುರುವಾಗಿ ದಿನೇದಿನೇ ಹೆಚ್ಚುವ ವಾಕರಿಕೆಗೆ ಆ ಹೆಸರು ಸಲ್ಲುವುದಿಲ್ಲ. ನಮ್ಮ ಮಟ್ಟಿಗೆ ಇಡೀ ಕಿಟ್ಟಿನಲ್ಲಿ ಅತಿ ಅಪಾಯದ ವಸ್ತು ಈ ವಿವರಣೆಯೇ. ಕ್ಯಾಪ್ಸೂಲ್ ಎದೆ ಉರಿಸಬಹುದು, ಶುಗರ್ ಇಳಿಸಬಹುದು. ಇದು ಆಸ್ಪತ್ರೆಗೆ ಓಡಬೇಕಾದ ಲಕ್ಷಣವನ್ನು ಗುಣವಾಗುತ್ತಿರುವ ಲಕ್ಷಣವಾಗಿ ತಿರುಗಿಸಿಬಿಡುತ್ತದೆ.

ಹದಿನೆಂಟನೇ ದಿನ ಹತ್ತಿರದ ಕ್ಲಿನಿಕ್ಕಿಗೆ ಹೋದರು. ಶುಗರ್ 184. ‘ಶುಗರ್ ಪರವಾಗಿಲ್ಲಮ್ಮ, ಗ್ಯಾಸ್ಟ್ರಿಕ್ಕು’ ಎಂದು ಪ್ಯಾಂಟೊಪ್ರಜೋಲ್, ಒಂಡಾನ್ಸೆಟ್ರಾನ್ ಇಂಜೆಕ್ಷನ್ ಕೊಟ್ಟು ಕಳಿಸಿದರು. ಉಸಿರನ್ನು ಎಣಿಸಿದ್ದರೆ ತಿಳಿಯುತ್ತಿತ್ತು. ಎದೆ ಶುಭ್ರವಾಗಿದ್ದೂ ಜ್ವರವಿಲ್ಲದೆಯೂ ನಿಮಿಷಕ್ಕೆ 30 ಸಲ ಆಳವಾಗಿ ಉಸಿರೆಳೆಯುತ್ತಿದ್ದರೆ ರಕ್ತದಲ್ಲಿ ಆಮ್ಲ ಏರಿದೆಯೇ ಎಂದು ನೋಡಲೇಬೇಕು.

ಆಸ್ಪತ್ರೆಯಲ್ಲಿ

ಪಿಎಚ್ 7.22, ಬೈಕಾರ್ಬನೇಟ್ 8, ಅಂದರೆ ರಕ್ತದಲ್ಲಿ ಆಮ್ಲ ಏರಿದೆ. ಸೋಡಿಯಂ 134, ಕ್ಲೋರೈಡ್ 102. ಸೋಡಿಯಂನಿಂದ ಕ್ಲೋರೈಡ್, ಬೈಕಾರ್ಬನೇಟ್ ಎರಡನ್ನೂ ಕಳೆದರೆ, ಹೆಚ್ಚುವರಿ ಆಮ್ಲವನ್ನು ಸೂಚಿಸುವ ಆನಯಾನ್ ಗ್ಯಾಪ್ 24, ಇರಬೇಕಾದ್ದರ ಸರಿಸುಮಾರು ದುಪ್ಪಟ್ಟು. ರಕ್ತದ ಬೀಟಾ ಹೈಡ್ರಾಕ್ಸಿಬ್ಯುಟಿರೇಟ್ ಎಂಬ ಕೀಟೋನ್ 5.8, ಮೂರು ದಾಟಿದರೇ ಕೀಟೋಆಸಿಡೋಸಿಸ್. ಮೆಟ್‌ಫಾರ್ಮಿನ್ನಿಂದ ಏರಬಹುದಾದ ಲ್ಯಾಕ್ಟೇಟ್ 1.6 ಮಾತ್ರ, ಹಾಗಾಗಿ ಅದರ ಮೇಲೆ ಅನುಮಾನ ಬೇಡ. ಪೊಟ್ಯಾಸಿಯಂ 4.1. ಮೂತ್ರದಲ್ಲಿ ಸಕ್ಕರೆ ನಾಲ್ಕು ಪ್ಲಸ್, ಅದು ಡಪಾಗ್ಲಿಫ್ಲೋಜಿನ್ನಿನ ಸಹಿ. ಇಸಿಜಿ, ಮೇದೋಜೀರಕದ ಊತ ತಿಳಿಸುವ ಲೈಪೇಸ್ ಸರಿಯಿದ್ದವು. ರಕ್ತದ ಸಕ್ಕರೆ ಏರದೆ ಬರುವ ಈ ಕೀಟೋಆಸಿಡೋಸಿಸ್ ಬಗ್ಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರ ಮೇ ತಿಂಗಳಲ್ಲೇ ಎಚ್ಚರಿಕೆ ಹೊರಡಿಸಿತ್ತು.

ಮೊದಲ ಗಂಟೆಯಲ್ಲಿ ಒಂದು ಲೀಟರ್ ನಾರ್ಮಲ್ ಸಲೈನ್. ಪೊಟ್ಯಾಸಿಯಂ 3.5ಕ್ಕಿಂತ ಮೇಲಿದೆ ಎಂದು ಖಾತ್ರಿಯಾದ ಮೇಲಷ್ಟೇ ಇನ್ಸುಲಿನ್ ಡ್ರಿಪ್, ಗಂಟೆಗೆ 6 ಯೂನಿಟ್, ಅಂದರೆ ಕೆಜಿಗೆ 0.1ರ ಲೆಕ್ಕ. ಮಾಮೂಲಿ ಕೀಟೋಆಸಿಡೋಸಿಸ್‌ನಲ್ಲಿ ಸಕ್ಕರೆ 250ಕ್ಕೆ ಇಳಿದ ಮೇಲೆ ಗ್ಲೂಕೋಸ್ ದ್ರವವಾದ ಡೆಕ್ಸ್‌ಟ್ರೋಸ್ ಸೇರಿಸುತ್ತಾರೆ. ಇಲ್ಲಿ ಸಕ್ಕರೆ ಮೊದಲೇ ಕೆಳಗಿದೆ, ಆದ್ದರಿಂದ ಇನ್ಸುಲಿನ್ ಜೊತೆಗೇ ಡೆಕ್ಸ್‌ಟ್ರೋಸ್ ಶುರು. ‘ಸಾರ್, ಶುಗರ್ ಪೇಷಂಟಿಗೆ ಗ್ಲೂಕೋಸ್ ಬಾಟ್ಲಿ ಹಾಕಿದ್ದೀರಲ್ಲ’ ಎಂದು ಮಗ ಗಾಬರಿಯಾದ. ಕೀಟೋನ್ ನಿಲ್ಲಬೇಕಾದರೆ ಇನ್ಸುಲಿನ್ ಹೋಗಲೇಬೇಕು, ಇನ್ಸುಲಿನ್ ಹೋದರೆ ಸಕ್ಕರೆ ನೆಲ ಕಚ್ಚುತ್ತದೆ, ಹಾಗಾಗಿ ಎರಡೂ ಕೈಗೆ ಎರಡು ಬಾಟ್ಲಿ. ಇದನ್ನು ಮನೆಯವರಿಗೆ ಮೊದಲೇ ಹೇಳದಿದ್ದರೆ ಡ್ರಿಪ್ಪನ್ನು ಅವರೇ ಮುಚ್ಚುವ ಸಾಧ್ಯತೆಯುಂಟು.

ಗ್ಯಾಪ್ 12ಕ್ಕೆ ಬರಲು 26 ಗಂಟೆ ಹಿಡಿಯಿತು. ಸಕ್ಕರೆಯ ಅಂಕಿ ನೋಡಿ ಇನ್ಸುಲಿನ್ ನಿಲ್ಲಿಸುವುದು ಇಲ್ಲಿ ಆಗುವ ಸಾಮಾನ್ಯ ತಪ್ಪು. ನೋಡಬೇಕಾದ್ದು ಗ್ಯಾಪ್ ಮತ್ತು ಕೀಟೋನ್. ಮಾತ್ರೆ ನಿಲ್ಲಿಸಿದ ಮೇಲೂ ಅದರ ಪರಿಣಾಮ ಕೆಲವು ದಿನ ಉಳಿಯುವುದರಿಂದ ಊಟ ಶುರುವಾದ ನಂತರವೂ ಎರಡು ದಿನ ಕೀಟೋನ್ ನೋಡುತ್ತಿದ್ದರು.

ಹಳೆಯ ದೂರುಗಳ ಹಿಂದಿದ್ದದ್ದು

ಹಿಮೋಗ್ಲೋಬಿನ್ 10.2, ಮೈಯ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 9, ಎರಡೂ ಕಡಿಮೆ. ಮುಟ್ಟು ಏಳೆಂಟು ದಿನ ಹೆಚ್ಚಾಗಿ ಹೋಗುತ್ತಿದ್ದುದನ್ನು ಈವರೆಗೆ ಯಾರೂ ಕೇಳಿರಲಿಲ್ಲ. ಸ್ಕ್ಯಾನಿನಲ್ಲಿ ಗರ್ಭಕೋಶದ ಸಣ್ಣ ಗಡ್ಡೆ. ಬಿ12 ಕೂಡ ಕಡಿಮೆ, 162, ಆರು ವರ್ಷದ ಮೆಟ್‌ಫಾರ್ಮಿನ್ನಿನ ಜೊತೆ ಬರುವಂಥದ್ದೇ. ಸುಸ್ತು, ಮಂಕು, ಪಾದದ ಜುಮುಗುಡಿತಕ್ಕೆ ಇವೆರಡು ಸಾಕು. ಉಬ್ಬರದಲ್ಲಿ ಅವರೆ, ಹಾಲಿನ ಜೊತೆ ಮೆಟ್‌ಫಾರ್ಮಿನ್ನಿನ ಪಾಲೂ ಇತ್ತು. ಯೀಸ್ಟ್ ಇದ್ದದ್ದು ಯೋನಿಯಲ್ಲಿ, ಅಲ್ಲಿ ಮಾತ್ರ.

ತುರಿಕೆಗೆ ಫ್ಲುಕೊನಜೋಲ್ ಬದಲು ಕ್ಲೋಟ್ರಿಮಜೋಲ್ 100 ಮಿಗ್ರಾಂ ಯೋನಿ ಮಾತ್ರೆ, ಆರು ರಾತ್ರಿ. ಡಪಾಗ್ಲಿಫ್ಲೋಜಿನ್ ನಿಂತ ಮೇಲೆ ಮತ್ತೆ ಬರಲಿಲ್ಲ. ಮೆಟ್‌ಫಾರ್ಮಿನ್ನನ್ನು ನಿಧಾನವಾಗಿ ಕರಗುವ ಬಗೆಗೆ ಬದಲಿಸಿ, ರಾತ್ರಿ ಊಟದ ಜೊತೆ 500ರಿಂದ ಶುರುಮಾಡಿ ವಾರಕ್ಕೆ 500 ಏರಿಸಿದರು. ಎರಡು ತಿಂಗಳು ರಾತ್ರಿಯ ಇನ್ಸುಲಿನ್ ಜೊತೆಗಿತ್ತು. ಬಿ12 ಇಂಜೆಕ್ಷನ್. ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ಕಾಫಿ ಟೀಗೆ ಎರಡು ಗಂಟೆ ದೂರ.

ಊಟವನ್ನು ಮರಳಿ ತಂದ ರೀತಿ ಹೀಗಿತ್ತು. ಮುದ್ದೆ ಮೊದಲು ಬಂತು, 60 ಗ್ರಾಂ ಹಿಟ್ಟಿನದು, ಮಧ್ಯಾಹ್ನ ಒಂದು, ರಾತ್ರಿ ಒಂದು, ಸೊಪ್ಪಿನ ಬಸ್ಸಾರಿನ ಜೊತೆ. ಆಮೇಲೆ ಅನುಮಾನದ ಪದಾರ್ಥಗಳು ಒಂದೊಂದಾಗಿ: ಮೊದಲ ದಿನ ಕಾಲು ಪಾಲು, ಮರುದಿನ ಅರ್ಧ, ಮೂರನೇ ದಿನ ಪೂರ್ತಿ, ನಂತರ ಎರಡು ದಿನ ಬಿಡುವು, ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಒಂದು ಸಾಲು. ಮೊಸರು ಪೂರ್ತಿ ಒಗ್ಗಿತು. ಹಾಲು ದಿನಕ್ಕೆ 150 ಎಂಎಲ್ ದಾಟಿದರೆ ಗುಡುಗುಡು. ಇಡಿಯ ಅವರೆಕಾಳು ಅರ್ಧ ಬಟ್ಟಲಿಗೇ ಉಬ್ಬರ ತಂದಿತು. ರಾತ್ರಿ ನೆನೆಸಿ, ನೀರು ಚೆಲ್ಲಿ, ಸಿಪ್ಪೆ ಹಿತಕಿ, ಹೊಸ ನೀರಿನಲ್ಲಿ ಬೇಯಿಸಿದ ಬೇಳೆ ಅಷ್ಟೇ ಪ್ರಮಾಣದಲ್ಲಿ ಸುಮ್ಮನಿತ್ತು. ನೆನೆಸಿದ ನೀರಿನಲ್ಲಿ ಆ ಜೀರ್ಣವಾಗದ ಸಕ್ಕರೆಗಳ ಒಂದು ಪಾಲು ಹೊರಟುಹೋಗುತ್ತದೆ. ಹಿತಕಿದ ಬೇಳೆ ಹುಳಿಗಿಂತ ಕಾಳು ಉಪ್ಪಿಟ್ಟೇ ಈಕೆಗೆ ಇಷ್ಟ, ಅದೊಂದು ಬೇಸರ ಉಳಿಯಿತು.

ಮೂರು ತಿಂಗಳಿಗೆ ಎಚ್‌ಬಿಎ1ಸಿ 7.1, ಹಿಮೋಗ್ಲೋಬಿನ್ 11.8. ಪಾದದ ಜುಮುಗುಡಿತ ಪೂರ್ತಿ ಹೋಗಿಲ್ಲ.

ಆಸ್ಪತ್ರೆಯ ಚೀಟಿಯಲ್ಲಿ ಕೆಂಪು ಶಾಯಿಯಲ್ಲಿ ಬರೆದದ್ದು ಡಪಾಗ್ಲಿಫ್ಲೋಜಿನ್ ಮತ್ತೆ ಬೇಡ ಎಂದು. ಅಷ್ಟು ಸಾಲದು. ಅಂಗಡಿಯಲ್ಲಿ ಅದು ಮೆಟ್‌ಫಾರ್ಮಿನ್ ಜೊತೆ, ಸಿಟಾಗ್ಲಿಪ್ಟಿನ್ ಜೊತೆ, ವಿಲ್ಡಾಗ್ಲಿಪ್ಟಿನ್ ಜೊತೆ ಬೆರೆಸಿದ ಮಾತ್ರೆಯಾಗಿ ಹತ್ತಾರು ಬ್ರಾಂಡ್ ಹೆಸರಲ್ಲಿದೆ. ಎಂಪಾಗ್ಲಿಫ್ಲೋಜಿನ್, ಕ್ಯಾನಾಗ್ಲಿಫ್ಲೋಜಿನ್ ಅದೇ ಗುಂಪಿನವು. ಮಗನಿಗೆ ಮಾತ್ರೆ ಪಟ್ಟಿಯ ಹಿಂಬದಿ ತಿರುಗಿಸಿ ಸಣ್ಣ ಅಕ್ಷರದ ಘಟಕಗಳ ಸಾಲು ತೋರಿಸಿದರು: ಹೊಸ ಪಟ್ಟಿ ಮನೆಗೆ ಬಂದಾಗಲೆಲ್ಲ ಅಲ್ಲಿ ‘ಗ್ಲಿಫ್ಲೋಜಿನ್’ ಎಂದು ಮುಗಿಯುವ ಹೆಸರಿದೆಯೇ ನೋಡಬೇಕು, ಇದ್ದರೆ ಚೀಟಿಯ ಜೊತೆ ವಾಪಸ್ ಒಯ್ಯಬೇಕು. ಈ ಗುಂಪಿನ ಮಾತ್ರೆ ನುಂಗುವ ಉಳಿದವರಿಗೆ ಆಸ್ಪತ್ರೆಯವರು ಹೇಳುವುದು ಬೇರೆ: ವಾಂತಿ ಭೇದಿ ಶುರುವಾದ ದಿನ, ಊಟ ಬಿಟ್ಟ ದಿನ, ಏಕಾದಶಿಯೋ ರಂಜಾನೋ ದೀರ್ಘ ಉಪವಾಸ ಹಿಡಿಯುವ ಮೊದಲು, ವೈದ್ಯರನ್ನು ಕೇಳಿ ಮಾತ್ರೆ ನಿಲ್ಲಿಸಿ, ಆಪರೇಷನ್ ಇದ್ದರೆ ಮೂರು ದಿನ ಮೊದಲೇ, ವಾಂತಿಯ ಜೊತೆ ಏದುಸಿರು ಬಂದರೆ ಮೀಟರಿನಲ್ಲಿ ಎಷ್ಟೇ ಇರಲಿ, ಕೀಟೋನ್ ನೋಡಿ ಎಂದು ಬಾಯಿಬಿಟ್ಟು ಕೇಳಿ.